ಕ್ರಯೋ ಮಾಡಿಸಿಕೊಂಡ ಮೇಲೆ: ಹಚ್ಚುವುದೋ ಬಿಡುವುದೋ, ಮುಚ್ಚುವುದೋ ತೆರೆದಿಡುವುದೋ

ಕ್ರಯೋ, ಅಂದರೆ ನರಹುಲಿಯಂಥವನ್ನು ಘನೀಕರಿಸಿ ತೆಗೆಯಲು ಅದರ ಮೇಲೆ ದ್ರವ ಸಾರಜನಕ ಸಿಂಪಡಿಸುವ ಕೆಲಸ, ಹತ್ತಿಪ್ಪತ್ತು ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಅದಾದ ಮೇಲೆ ಎರಡು ಮೂರು ವಾರ ಆ ಜಾಗವನ್ನು ಕಾಯುವ ಕೆಲಸ ಮಾತ್ರ ನಮ್ಮ ಪಾಲಿನದು. ವೈದ್ಯರು "ಗುಳ್ಳೆ ಬಂದರೆ ಒಡೆಯಬೇಡಿ, ಏನೂ ಆಗುವುದಿಲ್ಲ" ಎಂದು ಹೇಳಿ ಮುಂದಿನವರನ್ನು ಕರೆಯುತ್ತಾರೆ. ಕೆಳಗಿಳಿದರೆ ಔಷಧಿ ಅಂಗಡಿಯವನು ಕೇಳದೆಯೇ ಒಂದು ಮುಲಾಮು ಕೊಡುತ್ತಾನೆ, ಮನೆಗೆ ಬಂದರೆ ಅಮ್ಮ ಅರಿಶಿನ ಎನ್ನುತ್ತಾರೆ, ಪಕ್ಕದ ಮನೆಯವರು ಕೊಬ್ಬರಿ ಎಣ್ಣೆ ಎನ್ನುತ್ತಾರೆ, ಕಚೇರಿಯ ಗೆಳೆಯ ನೀರು ತಾಗದ ಪ್ಲಾಸ್ಟರ್ ಅಂಟಿಸಿಬಿಡು ಎನ್ನುತ್ತಾನೆ. ಹೆಬ್ಬೆರಳಿಗೆ, ಮುಂಗೈಗೆ, ಅಂಗಾಲಿಗೆ ಬೇರೆ ಬೇರೆ ವರ್ಷಗಳಲ್ಲಿ ಈ ಚಿಕಿತ್ಸೆ ಮಾಡಿಸಿಕೊಂಡು ಈ ಎಲ್ಲ ಸಲಹೆಗಳನ್ನೂ ಕೇಳಿಸಿಕೊಂಡವನಾಗಿ, ಅವುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುವ ಪ್ರಯತ್ನ ಇಲ್ಲಿದೆ. ನಾನು ವೈದ್ಯನಲ್ಲ. ಕಣ್ಣರೆಪ್ಪೆ, ಜನನಾಂಗದಂಥ ಸೂಕ್ಷ್ಮ ಜಾಗಗಳಲ್ಲಿ ಅಥವಾ ತುಸು ಆಳವಾಗಿಯೇ ಘನೀಕರಿಸಿದಾಗ ನಿಮ್ಮ ವೈದ್ಯರು ಬೇರೆಯದೇ ಸೂಚನೆ ಕೊಟ್ಟಿದ್ದರೆ ಅದನ್ನೇ ಪಾಲಿಸಬೇಕು.

ಯಾವ ಆಯ್ಕೆ ಏಕೆ ಒಳ್ಳೆಯದು ಎಂಬುದು ತಿಳಿಯಬೇಕಾದರೆ ಚರ್ಮದೊಳಗೆ ನಡೆದದ್ದೇನೆಂಬುದು ಮೊದಲು ತಿಳಿದಿರಬೇಕು. ದ್ರವ ಸಾರಜನಕದ ಕುದಿಬಿಂದು ಮೈನಸ್ 196 ಡಿಗ್ರಿ ಸೆಲ್ಸಿಯಸ್. ಅದು ತಾಗಿದ ಜಾಗದಲ್ಲಿ ಜೀವಕೋಶಗಳ ಒಳಗಿನ ಮತ್ತು ಹೊರಗಿನ ನೀರು ಹರಳುಗಟ್ಟಿ, ಮತ್ತೆ ಕರಗುವಾಗ ಕೋಶದ ಪೊರೆ ಹರಿಯುತ್ತದೆ. ಸಣ್ಣ ರಕ್ತನಾಳಗಳು ಕಟ್ಟಿಕೊಳ್ಳುತ್ತವೆ. ಕೆಲವು ನಿಮಿಷ ಬಿಳಿಯಾಗಿದ್ದ ಜಾಗ ಕೆಂಪಾಗುತ್ತದೆ, ಊದಿಕೊಳ್ಳುತ್ತದೆ, ಕೆಲವು ಗಂಟೆಗಳಿಂದ ಒಂದು ದಿನದೊಳಗೆ ನೀರ್ಗುಳ್ಳೆ ಏಳಬಹುದು. ಗುಳ್ಳೆ ಕೆಲವೇ ದಿನಗಳಲ್ಲಿ ಬತ್ತಿ ಹಕ್ಕಳೆಯಾಗುತ್ತದೆ. ಆ ಹಕ್ಕಳೆ ಮುಖದಲ್ಲಾದರೆ ಸುಮಾರು 7ರಿಂದ 10 ದಿನಗಳಲ್ಲಿ, ಕೈ ಮತ್ತು ಮೈಮೇಲಾದರೆ ಎರಡು ಮೂರು ವಾರಗಳಲ್ಲಿ, ಮೊಣಕಾಲಿನ ಕೆಳಗೆ ಮತ್ತು ಅಂಗಾಲಿನಲ್ಲಾದರೆ ಇನ್ನೂ ತಡವಾಗಿ ಉದುರುತ್ತದೆ.

ಇದರಲ್ಲಿ ನಮ್ಮ ಬಣ್ಣದ ಚರ್ಮದವರು ನೆನಪಿಡಬೇಕಾದ ಒಂದು ಸಂಗತಿಯಿದೆ. ಎಲ್ಲ ಕೋಶಗಳೂ ಒಂದೇ ಚಳಿಗೆ ಸಾಯುವುದಿಲ್ಲ. ಚರ್ಮಕ್ಕೆ ಬಣ್ಣ ಕೊಡುವ ಮೆಲನೋಸೈಟ್ ಕೋಶಗಳು ಮೈನಸ್ 4ರಿಂದ 7 ಡಿಗ್ರಿಯ ಸುಮಾರಿಗೇ ಹಾಳಾಗತೊಡಗುತ್ತವೆ. ಮೇಲ್ಪದರದ ಸಾಮಾನ್ಯ ಕೋಶಗಳಿಗೆ ಮೈನಸ್ 20ರಿಂದ 30 ಡಿಗ್ರಿ ಬೇಕು. ಕೆಳಗಿನ ಹಂದರವನ್ನು ನೇಯುವ ಫೈಬ್ರೋಬ್ಲಾಸ್ಟ್ ಕೋಶಗಳು ಮೈನಸ್ 30ರಿಂದ 40 ಡಿಗ್ರಿಯವರೆಗೂ ತಡೆಯುತ್ತವೆ. ಹಂದರ ಉಳಿಯುವುದರಿಂದ ಕ್ರಯೋ ಆದ ಜಾಗದಲ್ಲಿ ಉಬ್ಬಿದ ಗಾಯದ ಗುರುತು ಅಪರೂಪ, ಬಣ್ಣದ ಕೋಶಗಳು ಮೊದಲು ಸಾಯುವುದರಿಂದ ಬಿಳಿಚಿಕೊಳ್ಳುವುದು ಸಾಮಾನ್ಯ. ಜನ ಕೀವಿಗೆ ಹೆದರಿ ಮುಲಾಮುಗಳ ಹಿಂದೆ ಬೀಳುತ್ತಾರೆ. ಹೆದರಬೇಕಾದದ್ದು ಅದಕ್ಕಿಂತ ಹೆಚ್ಚಾಗಿ ಬಣ್ಣಗೆಡುವುದಕ್ಕೆ ಎಂಬುದು ನನ್ನ ಅಭಿಪ್ರಾಯ, ಮುಂದಿನ ಹೋಲಿಕೆಗಳೆಲ್ಲ ಆ ದೃಷ್ಟಿಯಿಂದಲೇ ಬರೆದವು.

ಗುಳ್ಳೆಯನ್ನು ಒಡೆಯುವುದೋ, ಬಿಡುವುದೋ

ಬಿಡುವುದು. ಗುಳ್ಳೆಯ ಮೇಲಿನ ತೆಳು ಪೊರೆಗಿಂತ ಒಳ್ಳೆಯ ಬ್ಯಾಂಡೇಜನ್ನು ಯಾವ ಅಂಗಡಿಯೂ ಮಾರುವುದಿಲ್ಲ. ಅಳತೆಗೆ ಸರಿಯಾಗಿ ಹೊಲಿದಂತಿರುತ್ತದೆ, ಒಳಗಿನ ನೀರಿಗೆ ಹೊರಗಿನ ಕೊಳೆ ತಾಗಿರುವುದಿಲ್ಲ, ಅಡಿಯಲ್ಲಿ ಹೊಸ ಚರ್ಮ ಯಾರ ಕಣ್ಣಿಗೂ ಬೀಳದೆ ಬೆಳೆಯುತ್ತಿರುತ್ತದೆ. ಕೆಲವರಲ್ಲಿ ಗುಳ್ಳೆಯೊಳಗೆ ರಕ್ತ ಸೇರಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗುತ್ತದೆ. ನೋಡಲು ಭಯವಾದರೂ ಅದು ಅಪಾಯದ ಗುರುತಲ್ಲ, ಒಳಗಿನ ಸಣ್ಣ ರಕ್ತನಾಳ ಒಡೆದಿದೆ ಎಂದಷ್ಟೇ ಅರ್ಥ. ಗುಳ್ಳೆ ಏಳಲೇ ಇಲ್ಲವೆಂದರೆ ಚಿಕಿತ್ಸೆ ಫಲಿಸಿಲ್ಲವೆಂದು ಕೊರಗುವುದೂ ಬೇಡ.

ಅಪವಾದ ಒಂದೇ. ಬೆರಳಿನ ಮಡಿಕೆಯಲ್ಲಿ ಅಥವಾ ಅಂಗಾಲಿನಲ್ಲಿ ಗುಳ್ಳೆ ಬಿಗಿದುಕೊಂಡು, ಬೆರಳು ಮಡಚಲಾಗದಷ್ಟು ಅಥವಾ ಹೆಜ್ಜೆ ಊರಲಾಗದಷ್ಟು ನೋಯುತ್ತಿದ್ದರೆ ಒಳಗಿನ ನೀರನ್ನು ಮಾತ್ರ ಹೊರಬಿಡಬಹುದು, ಪೊರೆಯನ್ನು ಕೀಳಬಾರದು. ಇದನ್ನು ಚಿಕಿತ್ಸೆ ಕೊಟ್ಟಲ್ಲೇ ಮಾಡಿಸುವುದು ಮೇಲು. ಮನೆಯಲ್ಲೇ ಮಾಡಬೇಕಾಗಿ ಬಂದರೆ ಔಷಧಿ ಅಂಗಡಿಯಲ್ಲಿ ಸಿಗುವ, ಪೊಟ್ಟಣದೊಳಗಿನ ಹೊಸ ಸೂಜಿಗೂ ಗ್ಯಾಸ್ ಒಲೆಯ ಮೇಲೆ ಕಾಯಿಸಿದ ಪಿನ್ನಿಗೂ ಹೋಲಿಕೆಯೇ ಇಲ್ಲ. ಪಿನ್ನಿಗೆ ಮಸಿಯೂ ಅಂಟಿರುತ್ತದೆ, ತುದಿಯೂ ಮೊಂಡಾಗಿರುತ್ತದೆ. ಕೈ ತೊಳೆದು, ಗುಳ್ಳೆಯ ಅಂಚಿನಲ್ಲಿ ಒಂದು ಕಡೆ ಚುಚ್ಚಿ, ಶುದ್ಧ ಗಾಜ್ ಬಟ್ಟೆಯಿಂದ ಹಗುರವಾಗಿ ಒತ್ತಿ ನೀರು ಹೀರಿಸಿ, ಪೊರೆಯನ್ನು ಹಾಗೆಯೇ ಕೂರಲು ಬಿಡಬೇಕು. ಘನೀಕರಿಸಿದ್ದು ನರಹುಲಿಯಾಗಿದ್ದರೆ ಆ ನೀರಿನಲ್ಲಿ ವೈರಸ್ ಇರಬಹುದೆಂದು ಭಾವಿಸಿ ಗಾಜ್ ಬಟ್ಟೆಯನ್ನು ಸುತ್ತಿ ಎಸೆದು, ಮತ್ತೆ ಕೈ ತೊಳೆಯಬೇಕು, ಟವೆಲ್ಲನ್ನು ಬೇರೆಯಾಗಿಡಬೇಕು. ಗುಳ್ಳೆಯ ಅಂಚಿನಲ್ಲಿ ಉಳಿದುಕೊಂಡ ವೈರಸ್ಸಿನಿಂದ ನಡುವೆ ವಾಸಿಯಾಗಿ ಸುತ್ತ ಉಂಗುರದಂತೆ ನರಹುಲಿ ಮರಳುವುದುಂಟು. ಸಕ್ಕರೆ ಕಾಯಿಲೆಯವರು ಮತ್ತು ಕಾಲಿಗೆ ರಕ್ತಸಂಚಾರ ಕಡಿಮೆ ಇರುವವರು ಮನೆಯಲ್ಲಿ ಚುಚ್ಚುವ ಕೆಲಸಕ್ಕೆ ಕೈಹಾಕಲೇಬಾರದು.

ತೊಳೆಯುವುದಕ್ಕೆ

ನಲ್ಲಿ ನೀರು ಮತ್ತು ಘಾಟಿಲ್ಲದ ಸಾಬೂನು ಸಾಕು, ದಿನಕ್ಕೆ ಒಂದೆರಡು ಸಲ ತೊಳೆದು, ಉಜ್ಜದೆ, ಮೆತ್ತಗೆ ಒತ್ತಿ ಒರಸಿದರಾಯಿತು. ಡೆಟಾಲ್, ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಇವು ಮೂರೂ ಉರಿಯುತ್ತವೆ, ಉರಿದದ್ದೆಲ್ಲ ಕೆಲಸ ಮಾಡುತ್ತದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಉರಿಯುವುದು ಕ್ರಿಮಿಯಲ್ಲ, ಹೊಸದಾಗಿ ಹರಡುತ್ತಿರುವ ನಮ್ಮದೇ ಕೋಶಗಳು. ಪೊವಿಡೋನ್ ಅಯೋಡಿನ್ ಅಷ್ಟು ಕೆಡುಕಲ್ಲ, ಆದರೆ ಅದರ ಕಂದುಬಣ್ಣದ ಅಡಿಯಲ್ಲಿ ಕೆಂಪು ಹರಡುತ್ತಿದೆಯೋ ಇಲ್ಲವೋ ಕಾಣುವುದಿಲ್ಲ. ವೈದ್ಯರು ಹೇಳಿದ್ದರೆ ಮಾತ್ರ ಬಳಸಬೇಕು. ಮರುದಿನದಿಂದ ಸ್ನಾನಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಎಣ್ಣೆಸ್ನಾನ, ಸೀಗೆಪುಡಿ, ಕಡಲೆಹಿಟ್ಟು, ನಾರಿನ ಉಜ್ಜುಕ ಇವುಗಳನ್ನು ಆ ಜಾಗದಿಂದ ದೂರವಿಡಬೇಕು, ಈಜುಕೊಳಕ್ಕೆ ಹಕ್ಕಳೆ ಉದುರುವವರೆಗೆ ರಜೆ.

ಹಚ್ಚುವುದಕ್ಕೆ

ಹಣವೂ ಗೊಂದಲವೂ ಹೆಚ್ಚಾಗಿ ಖರ್ಚಾಗುವುದು ಇಲ್ಲಿಯೇ. ಮೊದಲ ಪ್ರಶ್ನೆ, ಏನಾದರೂ ಹಚ್ಚಲೇಬೇಕೇ ಎಂಬುದು. ಗುಳ್ಳೆ ಒಡೆಯದೆ ಇದ್ದರೆ ಅಥವಾ ಒಣಗಿ ಗಟ್ಟಿಯಾದ ಹಕ್ಕಳೆ ಅಲುಗದೆ ಕೂತಿದ್ದರೆ ಏನೂ ಬೇಕಿಲ್ಲ. ಪೊರೆ ಹರಿದು ಹಸಿಗಾಯ ಕಾಣಿಸಿದರೆ, ಹಕ್ಕಳೆ ಬಿರುಕುಬಿಟ್ಟು ಎಳೆಯುತ್ತಿದ್ದರೆ ಅಥವಾ ಬಟ್ಟೆಗೆ ಅಂಟಿಕೊಳ್ಳುತ್ತಿದ್ದರೆ ಮಾತ್ರ ಹಚ್ಚುವ ಪ್ರಶ್ನೆ ಬರುತ್ತದೆ.

"ಗಾಯಕ್ಕೆ ಗಾಳಿ ಆಡಬೇಕು, ಒಣಗಬೇಕು" ಎಂಬುದು ನಮ್ಮ ಮನೆಗಳಲ್ಲಿ ಹಿರಿಯರ ಮಾತು. 1962ರಲ್ಲಿ ಜಾರ್ಜ್ ವಿಂಟರ್ ಎಂಬ ಸಂಶೋಧಕ ಹಂದಿಗಳ ಚರ್ಮದ ಮೇಲೆ ಮಾಡಿದ ಪ್ರಯೋಗ ಈ ಮಾತನ್ನು ಅಲುಗಿಸಿತು: ತೇವ ಆರದಂತೆ ಮುಚ್ಚಿಟ್ಟ ಗಾಯಗಳಲ್ಲಿ ಹೊಸ ಚರ್ಮ ಗಾಳಿಗೆ ಬಿಟ್ಟ ಗಾಯಗಳಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಬೇಗ ಹರಡಿತ್ತು. ಗಟ್ಟಿ ಹಕ್ಕಳೆಯ ಅಡಿಯಲ್ಲಿ ಹೊಸ ಕೋಶಗಳು ದಾರಿ ಕೊರೆದುಕೊಂಡು ಸಾಗಬೇಕು. ತೇವದಲ್ಲಿ ಅವು ಜಾರಿಕೊಂಡು ಹೋಗುತ್ತವೆ. ಆ ತೇವವನ್ನು ಉಳಿಸಲು ಬಿಳಿ ಪೆಟ್ರೋಲಿಯಂ ಜೆಲ್ಲಿಯ ತೆಳು ಲೇಪ ಸಾಕು, ಸುಗಂಧವಾಗಲಿ ಬಣ್ಣವಾಗಲಿ ಇಲ್ಲದ್ದು. ಮನೆಮಂದಿಯೆಲ್ಲ ಚಳಿಗಾಲದಲ್ಲಿ ತುಟಿಗೆಂದು ಬೆರಳು ಅದ್ದಿದ ಹಳೆಯ ಡಬ್ಬಿಯನ್ನು ಬಿಟ್ಟು ಹೊಸದೊಂದು ಚಿಕ್ಕ ಟ್ಯೂಬು ಕೊಳ್ಳಿ.

ಪ್ರತಿಜೀವಕ ಮುಲಾಮು ಇದಕ್ಕಿಂತ ಬಲವಾದದ್ದಲ್ಲವೇ ಎಂಬ ಪ್ರಶ್ನೆ ಸಹಜ. 1996ರಲ್ಲಿ ಅಮೆರಿಕದ ವೈದ್ಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನೇ ಪರೀಕ್ಷಿಸಿತ್ತು. ಚರ್ಮದ ಸಣ್ಣ ಶಸ್ತ್ರಕ್ರಿಯೆ ಮಾಡಿಸಿಕೊಂಡ 922 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಬಿಳಿ ಪೆಟ್ರೋಲಿಯಂ ಜೆಲ್ಲಿಯನ್ನೂ ಉಳಿದವರಿಗೆ ಬ್ಯಾಸಿಟ್ರಾಸಿನ್ ಎಂಬ ಪ್ರತಿಜೀವಕ ಮುಲಾಮನ್ನೂ ಕೊಡಲಾಗಿತ್ತು. ಸೋಂಕು ಎರಡೂ ಗುಂಪಿನಲ್ಲಿ ಶೇಕಡ 2ನ್ನು ದಾಟಲಿಲ್ಲ, ಇವುಗಳ ನಡುವಿನ ಅಂತರ ಲೆಕ್ಕಕ್ಕೆ ಹಿಡಿಯುವಷ್ಟು ದೊಡ್ಡದಿರಲಿಲ್ಲ. ಆದರೆ ಬ್ಯಾಸಿಟ್ರಾಸಿನ್ ಹಚ್ಚಿಕೊಂಡ ನಾಲ್ವರಿಗೆ ಅದರಿಂದಲೇ ಚರ್ಮದ ಅಲರ್ಜಿ ಕಾಣಿಸಿಕೊಂಡಿತು, ಜೆಲ್ಲಿ ಹಚ್ಚಿಕೊಂಡವರಲ್ಲಿ ಒಬ್ಬರಿಗೂ ಇಲ್ಲ. ಅದು ಶಸ್ತ್ರಕ್ರಿಯೆಯ ಗಾಯಗಳ ಮಾತು. ಕ್ರಯೋ ಆದ ಜಾಗದಲ್ಲಿ ಕತ್ತರಿಯೂ ಇಲ್ಲ, ಹೊಲಿಗೆಯೂ ಇಲ್ಲ, ಸೋಂಕಿನ ಭಯ ಅದಕ್ಕಿಂತಲೂ ಕಡಿಮೆ. ನಮ್ಮಲ್ಲಿ ಮನೆಮನೆಗೂ ಪರಿಚಿತವಾದ ಸೋಫ್ರಾಮೈಸಿನ್ನಿನೊಳಗಿನ ಫ್ರಾಮೈಸೆಟಿನ್, ಅಲರ್ಜಿಗೆ ಹೆಸರಾದ ನಿಯೋಮೈಸಿನ್ನಿನ ಒಂದು ರೂಪವೇ. ನಿಯೋಮೈಸಿನ್ನನ್ನು ಅಮೆರಿಕದ ಸಂಪರ್ಕಜನ್ಯ ಚರ್ಮರೋಗ ತಜ್ಞರ ಸಂಘ 2010ರಲ್ಲಿ ವರ್ಷದ ಅಲರ್ಜಿಕಾರಕವೆಂದು ಹೆಸರಿಸಿತ್ತು. ನಿಜವಾಗಿ ಸೋಂಕಾದಾಗ ವೈದ್ಯರು ಫ್ಯುಸಿಡಿಕ್ ಆಸಿಡ್ ಅಥವಾ ಮ್ಯುಪಿರೋಸಿನ್ ಬರೆದುಕೊಟ್ಟರೆ ಅದು ಬೇರೆ ಮಾತು, ಅದನ್ನು ಹೇಳಿದಷ್ಟು ದಿನ ಹಚ್ಚಬೇಕು.

ಇವೆರಡಕ್ಕಿಂತ ಕೆಟ್ಟದ್ದು ಮೂರನೆಯದೊಂದಿದೆ, ಅಂಗಡಿಯವನು "ಎಲ್ಲದಕ್ಕೂ ಆಗುತ್ತೆ" ಎಂದು ಕೊಡುವ ಮಿಶ್ರಣದ ಕ್ರೀಮು. ಇವುಗಳಲ್ಲಿ ಸ್ಟೀರಾಯ್ಡ್, ಪ್ರತಿಜೀವಕ, ಶಿಲೀಂಧ್ರನಾಶಕ ಮೂರೂ ಸೇರಿರುತ್ತವೆ. ಕೆಂಪನ್ನು ಬೇಗ ಇಳಿಸುವುದರಿಂದ ಗುಣವಾಯಿತೆಂದು ತೋರುತ್ತದೆ. ಸ್ಟೀರಾಯ್ಡು ಗಾಯ ಮಾಯುವುದನ್ನು ನಿಧಾನಿಸುತ್ತದೆ, ದಿನಗಟ್ಟಲೆ ಹಚ್ಚಿದರೆ ಚರ್ಮವನ್ನು ತೆಳ್ಳಗೆ ಮಾಡುತ್ತದೆ, ಬಣ್ಣವನ್ನು ಇನ್ನಷ್ಟು ತೆಗೆಯುತ್ತದೆ, ಅಳಿದುಳಿದ ನರಹುಲಿಯ ವೈರಸ್ಸಿಗೆ ಮೈಚಾಚಲು ಜಾಗವನ್ನೂ ಕೊಡುತ್ತದೆ. ಇಂಥ ದುರ್ಬಳಕೆ ಮಿತಿಮೀರಿದ್ದರಿಂದಲೇ 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಲೇಪನಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಮಾಡಿತು. ನಿಯಮ ಹಾಳೆಯ ಮೇಲಿದೆ, ಕ್ರೀಮು ಕಪಾಟಿನಲ್ಲಿದೆ. ಟ್ಯೂಬಿನ ಹಿಂದೆ ಬೀಟಾಮೆಥಾಸೋನ್ ಅಥವಾ ಕ್ಲೊಬೆಟಾಸಾಲ್ ಎಂಬ ಹೆಸರು ಕಂಡರೆ ವಾಪಸು ಕೊಡಿ.

ಅಡುಗೆಮನೆಯ ಔಷಧಿಗಳ ವಿಷಯದಲ್ಲಿ ನಾನು ಅಮ್ಮನೊಡನೆ ವಾದ ಮಾಡಿ ಗೆದ್ದವನಲ್ಲ, ಆದರೂ ಬರೆಯುತ್ತೇನೆ. ಅರಿಶಿನದ ಗುಣಗಳ ಬಗ್ಗೆ ತಕರಾರಿಲ್ಲ. ತಕರಾರಿರುವುದು ಡಬ್ಬಿಯ ಪುಡಿಯ ಬಗ್ಗೆ: ಅದು ಶುದ್ಧೀಕರಿಸಿದ್ದಲ್ಲ, ಹಸಿಗಾಯದಲ್ಲಿ ಕಣಗಳಾಗಿ ಉಳಿಯುತ್ತದೆ, ಕೆಲವರಿಗೆ ತುರಿಕೆ ತರುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ಅದರ ಹಳದಿ ಬಣ್ಣ ಗಾಯದ ನಿಜಬಣ್ಣವನ್ನು ಮರೆಮಾಡುತ್ತದೆ. ಕೊಬ್ಬರಿ ಎಣ್ಣೆ ಇದಕ್ಕಿಂತ ನಿರಪಾಯ. ಒಣ ಹಕ್ಕಳೆ ಎಳೆಯುವಾಗ ಸಮಾಧಾನ ಕೊಡುತ್ತದೆ, ಆದರೆ ನಮ್ಮ ಸೆಖೆಗೆ ಹರಿದುಹೋಗಿ ಅಂಗಿಗೆ ಅಂಟುತ್ತದೆ, ಜೆಲ್ಲಿಯಂತೆ ನಿಲ್ಲುವುದಿಲ್ಲ. ಕುಂಡದ ಲೋಳೆಸರವನ್ನು ಕತ್ತರಿಸಿದಾಗ ಸಿಪ್ಪೆಯ ಬಳಿ ಒಸರುವ ಹಳದಿ ರಸ ಚರ್ಮವನ್ನು ಕೆರಳಿಸುತ್ತದೆ. ಹಳ್ಳಿಗಳಲ್ಲಿ ನರಹುಲಿಗೆ ಹಚ್ಚುತ್ತಿದ್ದ ಸುಣ್ಣ ಮತ್ತು ಸೋಡದ ಮಿಶ್ರಣ, ಕರಾವಳಿ ಕಡೆಯ ಗೇರುಬೀಜದ ಸೊನೆ ಇವು ಸ್ವತಃ ಸುಡುವ ಪದಾರ್ಥಗಳು. ಚಳಿಯಿಂದ ಸುಟ್ಟ ಜಾಗವನ್ನು ಇವುಗಳಿಂದ ಮತ್ತೊಮ್ಮೆ ಸುಟ್ಟರೆ ಆಗುವ ಗಾಯದ ಗುರುತಿಗೆ ಕ್ರಯೋ ಹೊಣೆಯಲ್ಲ. ಉಪ್ಪು ಬೆಲ್ಲದ ಹರಕೆ ಹೊತ್ತವರು ಅದನ್ನು ಧಾರಾಳವಾಗಿ ಒಪ್ಪಿಸಬಹುದು, ಅದರಿಂದ ಚರ್ಮಕ್ಕೆ ತೊಂದರೆಯಿಲ್ಲ.

ಮುಚ್ಚುವುದೋ, ತೆರೆದಿಡುವುದೋ

ಇದಕ್ಕೆ ಉತ್ತರ ಜಾಗವನ್ನು ಅವಲಂಬಿಸಿದೆ. ಮುಖ, ಕುತ್ತಿಗೆ, ಬೆನ್ನಿನಂಥ ಕಡೆ ಉಜ್ಜಾಟವಿಲ್ಲದಿದ್ದರೆ ತೆರೆದೇ ಇಡಬಹುದು, ಹಸಿಯಾಗಿದ್ದರೆ ಜೆಲ್ಲಿಯ ತೆಳು ಲೇಪವೇ ಹೊದಿಕೆ. ಪಾತ್ರೆ ತೊಳೆಯುವ, ತೋಟದಲ್ಲಿ ದುಡಿಯುವ, ಬೈಕಿನ ಹಿಡಿ ಹಿಡಿಯುವ ಕೈಗಳನ್ನು ಮತ್ತು ಪಾದವನ್ನು ಹಗಲು ಹೊತ್ತು ಮುಚ್ಚುವುದೇ ಸರಿ.

ಮುಚ್ಚುವ ಸಾಮಗ್ರಿಗಳಲ್ಲಿ ನನ್ನ ಆಯ್ಕೆ ಗಾಜ್ ಬಟ್ಟೆಯ ಚಿಕ್ಕ ತುಂಡು ಮತ್ತು ಕಾಗದದಂಥ ಮೈಕ್ರೋಪೋರ್ ಟೇಪು. ಅಗ್ಗ, ಗಾಳಿಯಾಡುತ್ತದೆ, ಕೀಳುವಾಗ ಚರ್ಮ ಎಳೆಯುವುದಿಲ್ಲ. ಅಡಿಯಲ್ಲಿ ಜೆಲ್ಲಿ ಇದ್ದರೆ ಗಾಜ್ ಬಟ್ಟೆ ಗಾಯಕ್ಕೆ ಅಂಟುವುದೂ ಇಲ್ಲ. ಸಾಮಾನ್ಯ ಅಂಟುಪಟ್ಟಿ ಸುಲಭವೇನೋ ಹೌದು, ಆದರೆ ಅದರ ನಡುವಿನ ಮೆತ್ತೆ ಗುಳ್ಳೆಗಿಂತ ದೊಡ್ಡದಾಗಿರಲೇಬೇಕು. ಹೆಬ್ಬೆರಳಿನ ಗುಳ್ಳೆಯ ಮೇಲೆ ಅಂಟಿನ ಭಾಗವೇ ಕೂರುವಂತೆ ಪಟ್ಟಿ ಹಾಕಿ, ಸಂಜೆ ಕಿತ್ತಾಗ ಪೊರೆಯೂ ಪಟ್ಟಿಯ ಜೊತೆಗೇ ಬಂದದ್ದು ನನ್ನ ಮೊದಲ ಸಲದ ಪಾಠ. ಒಡೆಯದೆ ಇದ್ದಿದ್ದರೆ ಬೇಗ ಮುಗಿಯಬೇಕಿದ್ದುದು ಇಪ್ಪತ್ತು ದಿನ ಎಳೆಯಿತು. ನೀರು ತಾಗದ ಪ್ಲಾಸ್ಟಿಕ್ ಪಟ್ಟಿ ಒಂದು ಸ್ನಾನದ ಮಟ್ಟಿಗೆ ಒಳ್ಳೆಯದು, ದಿನವಿಡೀ ಇದ್ದರೆ ಬೆವರು ಒಳಗೇ ಉಳಿದು ಚರ್ಮ ನೆಂದು ಬೆಳ್ಳಗಾಗುತ್ತದೆ. ಹೈಡ್ರೋಕೊಲಾಯ್ಡ್ ಎಂಬ ಲೋಳೆಪದರದ ಪಟ್ಟಿ ದುಬಾರಿಯಾದರೂ ಹಿಮ್ಮಡಿಯಂಥ ಒತ್ತುವ ಜಾಗಕ್ಕೆ ಅನುಕೂಲ, ಹಲವು ದಿನ ಹಾಗೆಯೇ ಬಿಡಬಹುದು. ಕೀವಿನ ಅನುಮಾನವಿದ್ದರೆ ಬೇಡ, ಮಲೆನಾಡಿನ ಮಳೆಗಾಲದಲ್ಲಿ ಒದ್ದೆ ಬೂಟಿನೊಳಗೂ ಬೇಡ. ಯಾವುದನ್ನೇ ಹಾಕಿದರೂ ಒದ್ದೆಯಾದ ಕೂಡಲೇ ಬದಲಾಯಿಸಬೇಕು.

ನೋವಿಗೆ

ಘನೀಕರಿಸುವಾಗಿನ ಚುರುಕು ಕೆಲವು ನಿಮಿಷ, ಮಿಡಿಯುವ ನೋವು ಕೆಲವು ಗಂಟೆ. ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಸಾಕು. ವಯಸ್ಕರು ದಿನಕ್ಕೆ 4 ಗ್ರಾಂ ಮೀರಬಾರದು, ಯಕೃತ್ತಿನ ತೊಂದರೆಯಿದ್ದವರಿಗೆ ಮಿತಿ ಇನ್ನೂ ಕಡಿಮೆ. ಐಬುಪ್ರೊಫೆನ್ ಊತವನ್ನೂ ತಗ್ಗಿಸುತ್ತದೆ, ಆದರೆ ಹೊಟ್ಟೆಹುಣ್ಣು ಅಥವಾ ಮೂತ್ರಪಿಂಡದ ಕಾಯಿಲೆ ಇರುವವರಿಗೆ ಅದು ಸಲ್ಲದು, ಡೆಂಗಿ ಹರಡಿರುವ ತಿಂಗಳುಗಳಲ್ಲಿ ಜ್ವರವೂ ಜೊತೆಗಿದ್ದರೆ ಯಾರಿಗೂ ಸಲ್ಲದು. ಮಕ್ಕಳಿಗೆ ಆಸ್ಪಿರಿನ್ ಕೊಡಬಾರದು. ಬಟ್ಟೆಯಲ್ಲಿ ಸುತ್ತಿದ ತಂಪು ಒತ್ತಡ ಊತಕ್ಕೆ ಹಿತ, ಐಸನ್ನು ನೇರವಾಗಿ ಇಡುವುದು ಬೇಡ. ಆ ಚರ್ಮ ಆ ದಿನಕ್ಕೆ ಸಾಕಷ್ಟು ಚಳಿ ಕಂಡಿದೆ.

ಬಿಸಿಲು, ಬಣ್ಣ ಮತ್ತು ನೆಂಟರು

ಹಕ್ಕಳೆ ಉದುರಿದ ಮೇಲೆ ಅಡಿಯ ಚರ್ಮ ಮೊದಲು ಎಳೆಗೆಂಪಾಗಿರುತ್ತದೆ. ಆಮೇಲೆ ಎರಡು ದಾರಿಗಳು. ಒಂದರಲ್ಲಿ ಅಂಚು ಅಥವಾ ಇಡೀ ಜಾಗ ಕಪ್ಪಾಗುತ್ತದೆ, ಇದು ಉರಿಯೂತದ ನಂತರದ ಕಪ್ಪು, ತಿಂಗಳುಗಳಲ್ಲಿ ತಾನಾಗಿ ತಿಳಿಯಾಗುತ್ತದೆ. ಇನ್ನೊಂದರಲ್ಲಿ ಮೆಲನೋಸೈಟ್ ಇಲ್ಲದಾಗಿ ಬಿಳಿ ಚುಕ್ಕೆ ಉಳಿಯುತ್ತದೆ. ಸುತ್ತಲಿಂದ ಮತ್ತು ಕೂದಲ ಬುಡದಿಂದ ಹೊಸ ಬಣ್ಣದ ಕೋಶಗಳು ನಿಧಾನವಾಗಿ ವಲಸೆ ಬಂದರೆ ತುಂಬಿಕೊಳ್ಳುತ್ತದೆ, ಆಳವಾಗಿ ಘನೀಕರಿಸಿದ್ದರೆ ಶಾಶ್ವತವಾಗಿಯೂ ಉಳಿಯಬಹುದು. ಈ ಕಾರಣಕ್ಕೇ ಕಪ್ಪು, ಗೋಧಿ ಬಣ್ಣದ ಮುಖದ ಮೇಲೆ ಅನುಭವಿ ವೈದ್ಯರು ಚಳಿಯನ್ನು ಕೆಲವೇ ಸೆಕೆಂಡಿಗೆ ಮಿತಗೊಳಿಸುತ್ತಾರೆ, ಉಳಿದರೆ ಇನ್ನೊಮ್ಮೆ ಬನ್ನಿ ಎನ್ನುತ್ತಾರೆ. ಅದನ್ನು ಜಿಪುಣತನವೆಂದು ತಿಳಿಯಬಾರದು.

ನನ್ನ ಮುಂಗೈಯ ಮೇಲೆ ಹೆಸರುಕಾಳಿನಷ್ಟು ಬಿಳಿ ಚುಕ್ಕೆ ಹತ್ತು ತಿಂಗಳು ಇತ್ತು. ಮದುವೆಯ ಊಟದ ಪಂಕ್ತಿಯಲ್ಲಿ ದೂರದ ನೆಂಟರೊಬ್ಬರು ಅದನ್ನು ಕಂಡು, ದನಿ ತಗ್ಗಿಸಿ, ಇಂಥ ಊರಿನಲ್ಲಿ ತೊನ್ನಿಗೆ ಔಷಧಿ ಕೊಡುವವರಿದ್ದಾರೆ ಎಂದರು. ಇದು ತೊನ್ನಲ್ಲ, ಚಳಿ ತಾಗಿದಷ್ಟೇ ಜಾಗದಲ್ಲಿ ನಿಂತಿರುವ ಚುಕ್ಕೆ, ಸೋಂಕೂ ಅಲ್ಲ. ಹರಡತೊಡಗಿದರೆ ಅಥವಾ ಚಳಿ ತಾಗದ ಕಡೆಯೂ ಬಿಳಿಯಾದರೆ ಮಾತ್ರ ಚರ್ಮವೈದ್ಯರ ಬಳಿ ಹೋಗಬೇಕು.

ಬಿಸಿಲಿನಿಂದ ಕಾಪಾಡಲು ಬಟ್ಟೆ ಮತ್ತು ಸನ್‌ಸ್ಕ್ರೀನ್ ನಡುವೆ ಆರಿಸುವುದಾದರೆ ಹಸಿಗಾಯ ಇರುವವರೆಗೆ ಬಟ್ಟೆಯೇ: ತುಂಬುತೋಳು, ಸೆರಗು, ಛತ್ರಿ, ಅಂಚಿನ ಟೋಪಿ. ತೆರೆದ ಗಾಯದ ಮೇಲೆ ಸನ್‌ಸ್ಕ್ರೀನ್ ಹಚ್ಚಬಾರದು. ಚರ್ಮ ಕೂಡಿದ ಮೇಲೆ ಎಸ್‌ಪಿಎಫ್ 30 ಅಥವಾ ಹೆಚ್ಚಿನದನ್ನು, ಹೊರಗಿರುವಾಗ ಎರಡು ಗಂಟೆಗೊಮ್ಮೆ, ಕೆಲವು ತಿಂಗಳ ಕಾಲ ಹಚ್ಚಬೇಕು. ಎಳೆಯ ಚರ್ಮಕ್ಕೆ ಸತುವಿನ ಅಥವಾ ಟೈಟಾನಿಯಂನ ಆಕ್ಸೈಡ್ ಇರುವ ಖನಿಜ ಬಗೆ ಉರಿ ತರುವುದು ಕಡಿಮೆ. ಆದರೆ ನಮ್ಮ ಮೈಬಣ್ಣದ ಮೇಲೆ ಅದು ವಿಭೂತಿ ಬಳಿದಂತೆ ಕಾಣುತ್ತದೆ. ಕಬ್ಬಿಣದ ಆಕ್ಸೈಡ್ ಬೆರೆತ, ಚರ್ಮದ ಬಣ್ಣಕ್ಕೆ ಹೊಂದುವ ಸನ್‌ಸ್ಕ್ರೀನ್ ಈ ತೊಂದರೆಯನ್ನು ಕಳೆಯುವುದಲ್ಲದೆ, ಕಪ್ಪು ಚರ್ಮದಲ್ಲಿ ಕಲೆಯನ್ನು ಗಾಢಗೊಳಿಸುವ ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ. ಕೈಗೆಟುಕುವುದಾದರೆ ನನ್ನ ಮತ ಅದಕ್ಕೆ. ಬೆಂಗಳೂರಿನ ಮೋಡ ಮುಸುಕಿದ ದಿನವೂ ಬಿಸಿಲೇ ಎಂದು ಲೆಕ್ಕ.

ಕಪ್ಪಾದುದನ್ನು ಬೇಗ ತೆಗೆಯಲು ಹೈಡ್ರೋಕ್ವಿನೋನ್ ಬೆರೆತ ಬಿಳುಪಿನ ಕ್ರೀಮನ್ನು ತಾವಾಗಿ ಹಚ್ಚಿದರೆ ಕಪ್ಪಿನ ಪಕ್ಕದ ಒಳ್ಳೆಯ ಬಣ್ಣವೂ ಹೋಗಿ ಗುರುತು ಎದ್ದು ಕಾಣುತ್ತದೆ. ವಿಟಮಿನ್ ಇ ಗುಳಿಗೆಯನ್ನು ಚುಚ್ಚಿ ಎಣ್ಣೆ ಹಚ್ಚುವ ಅಭ್ಯಾಸ ನಮ್ಮಲ್ಲಿ ವ್ಯಾಪಕ. 1999ರಲ್ಲಿ 15 ಜನರ ಮೇಲೆ ನಡೆದ ಸಣ್ಣ ಅಧ್ಯಯನದಲ್ಲಿ ಗಾಯದ ಗುರುತಿಗೆ ಅದು ಲಾಭ ತರಲಿಲ್ಲ, ಮೂರರಲ್ಲಿ ಒಂದು ಪಾಲು ಜನರಿಗೆ ಅಲರ್ಜಿ ತಂದಿತು. ಸಿಲಿಕೋನ್ ಜೆಲ್ ಇರುವುದು ಉಬ್ಬುವ ಗುರುತಿಗೆ, ಬಣ್ಣಕ್ಕಲ್ಲ. ಕೀಲಾಯ್ಡ್ (ಗಾಯವನ್ನೂ ಮೀರಿ ಉಬ್ಬಿ ಬೆಳೆಯುವ ಗುರುತು) ಆಗುವ ಮೈಯವರನ್ನು ಬಿಟ್ಟರೆ ಉಳಿದವರಿಗೆ ಆ ಖರ್ಚು ಬೇಕಿಲ್ಲ.

ಜಾಗ ಬದಲಾದರೆ ಲೆಕ್ಕ ಬದಲು

ಅಂಗಾಲಿನ ಆಣಿಯಂಥ ನರಹುಲಿಗೆ ಕ್ರಯೋ ಮಾಡಿಸುವವರು ಮರುದಿನ ಹೆಚ್ಚು ನಡೆಯಬೇಕಿಲ್ಲದ ದಿನವನ್ನು ಆರಿಸಿಕೊಳ್ಳಬೇಕು. ಬಿಗಿ ಬೂಟಿಗಿಂತ ಮೆತ್ತನೆಯ ಅಟ್ಟೆಯ ತೆರೆದ ಚಪ್ಪಲಿ ಹಿತ. ಕೆಸರು ಗದ್ದೆಗೆ ಇಳಿಯಲೇಬೇಕಾದವರಿಗೆ ಗಾಜ್ ಬಟ್ಟೆಯ ಮೇಲೆ ಗಂಬೂಟು, ಬಂದ ಕೂಡಲೇ ತೊಳೆದು ಬದಲಿಸುವುದು. ಬರಿಗಾಲಿನ ದೇವಸ್ಥಾನ ಪ್ರದಕ್ಷಿಣೆಯನ್ನು ಒಂದೆರಡು ವಾರ ಮುಂದೂಡಿದರೆ ದೇವರು ಮುನಿಯಲಾರ.

ಉಗುರಿನ ಅಂಚಿನಲ್ಲಿ ಮಾಡಿಸಿದರೆ ಮಿಡಿತ ಎಲ್ಲಕ್ಕಿಂತ ಜೋರು. ಕೈಯನ್ನು ಎದೆಯ ಮಟ್ಟಕ್ಕಿಂತ ಮೇಲಿಟ್ಟು ಮಲಗಿದರೆ ತಗ್ಗುತ್ತದೆ, ಆ ಬೆರಳಿನ ಉಂಗುರವನ್ನು ಹೋಗುವ ಮೊದಲೇ ತೆಗೆದಿಟ್ಟಿರಬೇಕು. ಹಣೆ ಅಥವಾ ಕಣ್ಣಿನ ಬಳಿ ಮಾಡಿಸಿದವರ ರೆಪ್ಪೆ ಮರುದಿನ ಬೆಳಗ್ಗೆ ಊದಿರುವುದುಂಟು, ಆ ರಾತ್ರಿ ಎರಡು ದಿಂಬು ಇಟ್ಟುಕೊಳ್ಳುವುದು ಒಳ್ಳೆಯದು. ಕುತ್ತಿಗೆಯ ಚಿಕ್ಕ ಜೋಲುಗಂಟುಗಳಿಗೆ ಮಾಡಿಸಿದವರಿಗೆ ಮುಖ್ಯ ಶತ್ರು ಸರ: ಕರಿಮಣಿ, ಚಿನ್ನದ ಸರಪಳಿ, ಗಟ್ಟಿ ಕಾಲರು ಉಜ್ಜಿ ಹಕ್ಕಳೆಯನ್ನು ಬೇಗ ಎಬ್ಬಿಸುತ್ತವೆ. ಗಡ್ಡದ ಜಾಗದಲ್ಲಾದರೆ ರೇಜರಿಗಿಂತ ಟ್ರಿಮ್ಮರ್ ಮೇಲು, ಏಕೆಂದರೆ ರೇಜರು ವೈರಸ್ಸನ್ನು ಗೀರುಗೀರಾಗಿ ಬಿತ್ತುತ್ತದೆ.

ಕಾಯುವುದೋ, ವೈದ್ಯರ ಬಳಿ ಹೋಗುವುದೋ

ಮೊದಲ ಎರಡು ದಿನದ ಕೆಂಪು, ಊತ, ತಿಳಿನೀರು, ರಕ್ತಗುಳ್ಳೆ ಇವು ಕಾಯುವ ಲಕ್ಷಣಗಳು. ಎರಡು ದಿನದ ನಂತರ ನೋವು ಇಳಿಯುವ ಬದಲು ಏರುತ್ತಿದ್ದರೆ, ಕೆಂಪು ಗುಳ್ಳೆಯಾಚೆ ಹರಡುತ್ತಿದ್ದರೆ, ಹಳದಿ ಹಸಿರು ಕೀವು ಅಥವಾ ವಾಸನೆ ಇದ್ದರೆ, ಜ್ವರ ಬಂದರೆ, ಕೈಯುದ್ದಕ್ಕೆ ಕೆಂಪು ಗೆರೆ ಏರುತ್ತಿದ್ದರೆ ಅದೇ ದಿನ ತೋರಿಸಬೇಕು. ಬೆರಳಿನ ಬದಿಯಲ್ಲಿ ಮಾಡಿಸಿದ ಮೇಲೆ ಜೋಮು ವಾರಗಟ್ಟಲೆ ಉಳಿದರೆ ಮುಂದಿನ ಭೇಟಿಯಲ್ಲಿ ಹೇಳಬೇಕು, ಅಡಿಯ ನರಕ್ಕೆ ಚಳಿ ತಾಗಿರಬಹುದು.

ಹಕ್ಕಳೆ ಉದುರಿದ ಮೇಲೆ

ನರಹುಲಿ ಒಂದೇ ಸಲಕ್ಕೆ ಹೋಗುವುದು ಕಡಿಮೆ. ಉಳಿದಿದ್ದರೆ ಎರಡು ಮೂರು ವಾರಕ್ಕೊಮ್ಮೆ ಮತ್ತೆ ಕ್ರಯೋ, ಅಥವಾ ಮನೆಯಲ್ಲಿ ದಿನವೂ ಸ್ಯಾಲಿಸಿಲಿಕ್ ಆಸಿಡ್ ಲೇಪ ಎಂಬ ಎರಡು ದಾರಿಗಳಿವೆ. ಯಾವುದನ್ನು ಹಿಡಿದರೂ ಹಸಿಗಾಯ ಪೂರ್ತಿ ಕೂಡಿದ ಮೇಲೆಯೇ. ಅಂಗಾಲಿನ ನರಹುಲಿಯ ಬಗ್ಗೆ 2011ರಲ್ಲಿ ಬ್ರಿಟನ್ನಿನಿಂದ ಪ್ರಕಟವಾದ, 240 ರೋಗಿಗಳನ್ನೊಳಗೊಂಡ ಪರೀಕ್ಷೆಯಲ್ಲಿ 12 ವಾರಗಳ ಕೊನೆಗೆ ಕ್ರಯೋ ಗುಂಪಿನಲ್ಲೂ ಆಸಿಡ್ ಗುಂಪಿನಲ್ಲೂ ಪೂರ್ತಿ ವಾಸಿಯಾದವರು ಶೇಕಡ 14 ಮಾತ್ರ. ಆದ್ದರಿಂದ ಅಂಗಾಲಿನ ಮಟ್ಟಿಗೆ, ಪ್ರತಿಸಲವೂ ಕುಂಟಿಕೊಂಡು ಮನೆಗೆ ಬರುವುದಕ್ಕಿಂತ ತಾಳ್ಮೆಯಿಂದ ಆಸಿಡ್ ಹಚ್ಚುವುದನ್ನೇ ನಾನು ಆರಿಸಿಕೊಂಡೆ. ಸಕ್ಕರೆ ಕಾಯಿಲೆಯವರು ಆ ಆಸಿಡ್ಡನ್ನೂ ಕೇಳದೆ ಹಚ್ಚಬಾರದು.

ಘನೀಕರಿಸಿದ್ದು ನರಹುಲಿಯಲ್ಲದೆ ಕಪ್ಪು ಅಥವಾ ಕಂದು ಮಚ್ಚೆಯಾಗಿದ್ದು, ವಾಸಿಯಾದ ಜಾಗದಲ್ಲೇ ಮತ್ತೆ ಬಣ್ಣ ಬೆಳೆಯುತ್ತಿದ್ದರೆ ಅಥವಾ ಎರಡು ಮೂರು ತಿಂಗಳಾದರೂ ಮಾಯದೆ ಆಗಾಗ ರಕ್ತ ಒಸರುತ್ತಿದ್ದರೆ, ಇನ್ನೊಮ್ಮೆ ಕ್ರಯೋ ಮಾಡಿಸುವ ಮೊದಲು ಆ ಚರ್ಮದ ತುಣುಕನ್ನು ತೆಗೆದು ಬಯಾಪ್ಸಿಗೆ ಕಳಿಸಬೇಕೇ ಎಂದು ವೈದ್ಯರನ್ನು ನೀವೇ ಕೇಳಿ.